ಎರಡನೆಯ ಸಲ ಹಾಡುವವರು ಬೇಕು

(ವೃಂದಗಾಯನದ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಧ್ವನಿಮುದ್ರಣ ಕೇಳಿಸಿದ ಕಡೆಗಳಲ್ಲಿ ಅದರ ವಿವರಣೆಯನ್ನು ಸೇರಿಸಿದ್ದೇನೆ.)

ಪೀಠಿಕೆಯ ಬದಲು ಒಂದು ರೇಡಿಯೊ ಪ್ರಸಾರದಿಂದ ಮಾತು ಆರಂಭಿಸುತ್ತೇನೆ. 1937ರ ಮೇ 7ರಂದು ಅಮೆರಿಕದ ಸಿನ್ಸಿನಾಟಿ ನಗರದ ಮೇ ಉತ್ಸವದಲ್ಲಿ ಹೊಸದೊಂದು ಒರಟೋರಿಯೊ ಮೊದಲ ಬಾರಿಗೆ ರಂಗಕ್ಕೆ ಬಂತು. ಒರಟೋರಿಯೊ ಎಂದರೆ ವೇಷ, ಅಭಿನಯಗಳಿಲ್ಲದೆ ಗಾಯನವೃಂದ, ಏಕಗಾಯಕರು ಮತ್ತು ಆರ್ಕೆಸ್ಟ್ರಾ ಸೇರಿ ಕಥೆಯನ್ನು ಹಾಡಿಯೇ ಹೇಳುವ ದೊಡ್ಡ ಕೃತಿ. ಅಂದಿನ ಕೃತಿಯ ಹೆಸರು ‘ದಿ ಆರ್ಡರಿಂಗ್ ಆಫ್ ಮೋಸೆಸ್’. ಈಜಿಪ್ಟಿನ ದಾಸತ್ವದಲ್ಲಿ ನರಳುತ್ತಿದ್ದ ಇಸ್ರಾಯೇಲ್ಯರನ್ನು ಮೋಶೆ ಬಿಡಿಸಿಕೊಂಡು ಕೆಂಪು ಸಮುದ್ರ ದಾಟಿಸಿದ, ವಿಮೋಚನಕಾಂಡದ ಕಥೆ ಅದು. ನಿರ್ದೇಶಿಸಿದವರು ಯೂಜೀನ್ ಗೂಸೆನ್ಸ್. ಬರೆದವರು ರಾಬರ್ಟ್ ನಥಾನಿಯೆಲ್ ಡೆಟ್, ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕೆನಡಾ ಸೇರಿದವರ ವಂಶದಲ್ಲಿ 1882ರಲ್ಲಿ ಹುಟ್ಟಿದವರು. ಎನ್‌ಬಿಸಿ ರೇಡಿಯೊ ಆ ಸಂಜೆಯನ್ನು ದೇಶಕ್ಕೆಲ್ಲ ನೇರವಾಗಿ ಪ್ರಸಾರ ಮಾಡುತ್ತಿತ್ತು.

ಕೃತಿ ಸುಮಾರು ಮುಕ್ಕಾಲು ಪಾಲು ಮುಗಿದಿತ್ತು. ಉದ್ಘೋಷಕರು ನಡುವೆ ಬಂದು, ಮೊದಲೇ ಒಪ್ಪಿಕೊಂಡ ಕಾರ್ಯಕ್ರಮಗಳಿರುವುದರಿಂದ ಈ ಸೊಗಸಾದ ಪ್ರದರ್ಶನದ ಕೊನೆಯ ಭಾಗವನ್ನು ಕೇಳಿಸಲಾಗುತ್ತಿಲ್ಲ ಎಂದು ವಿಷಾದ ಹೇಳಿದರು. ಪ್ರಸಾರ ನಿಂತಿತು. ಕಪ್ಪು ಮನುಷ್ಯನ ಕೃತಿಯನ್ನು ದೇಶಕ್ಕೆಲ್ಲ ಕೇಳಿಸುತ್ತಿರುವುದಕ್ಕೆ ಆಕ್ಷೇಪಿಸಿ ಕೇಳುಗರು ಫೋನ್ ಮಾಡಿದರು ಎಂಬ ಮಾತು ಬಹುಕಾಲದಿಂದ ಇದೆ. ಅದಕ್ಕೆ ದಾಖಲೆಯ ಆಧಾರವಿಲ್ಲ, ಆದ್ದರಿಂದ ಅದನ್ನು ಸಾಬೀತಾದ ಸಂಗತಿಯೆಂದು ನಾನು ಹೇಳುವುದಿಲ್ಲ. ಆದರೆ ಸಭಾಂಗಣದಲ್ಲಿ ಕುಳಿತವರು ಬಿಡುಗಡೆಯ ಸಂಭ್ರಮದವರೆಗೂ ಕೇಳಿದರು, ರೇಡಿಯೊ ಮುಂದೆ ಕುಳಿತವರು ಕೇಳಲಿಲ್ಲ. ಅಷ್ಟು ನಿಜ.

ಇದೇ ಉತ್ಸವ 2014ರಲ್ಲಿ ಜೇಮ್ಸ್ ಕಾನ್ಲನ್ ಅವರ ನಿರ್ದೇಶನದಲ್ಲಿ ಈ ಕೃತಿಯನ್ನು ಮತ್ತೆ ಎತ್ತಿಕೊಂಡಿತು. ಸಿನ್ಸಿನಾಟಿಯ ಗಾಯಕರು, ವಾದಕರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಹೋಗಿ ಹಾಡಿದರು, ಧ್ವನಿಮುದ್ರಣವೂ ಹೊರಬಂತು. ನಡುವಿನ 77 ವರ್ಷಗಳಲ್ಲಿ ಅಲ್ಲೊಂದು ಇಲ್ಲೊಂದು ಪ್ರದರ್ಶನ ನಡೆದದ್ದುಂಟು. ಆದರೆ ದೊಡ್ಡ ಗಾಯನವೃಂದಗಳು ವರ್ಷವರ್ಷವೂ ಹಾಡುವ ಕೃತಿಗಳ ಸಾಲಿಗೆ ಅದು ಸೇರಲೇ ಇಲ್ಲ.

ಇಂದು ನಾನು ಹೇಳಬೇಕೆಂದಿರುವ ವಿಷಯ ಇಷ್ಟೇ. ಆಫ್ರಿಕಾ ಮೂಲದ ಸಂಯೋಜಕರ ವೃಂದಗಾನ ಕೃತಿಗಳನ್ನು ಕುರಿತು ಮಾತಾಡುವಾಗ ‘ಕಳೆದುಹೋದ’, ‘ಅಜ್ಞಾತ’ ಎಂಬ ಪದಗಳನ್ನು ಬಹಳ ಸಲೀಸಾಗಿ ಬಳಸುತ್ತೇವೆ. ಅವುಗಳಲ್ಲಿ ಎಷ್ಟೋ ಕೃತಿಗಳು ಕಳೆದುಹೋಗಿರಲಿಲ್ಲ. ದೊಡ್ಡ ರಂಗದ ಮೇಲೆ, ದೊಡ್ಡ ನಿರ್ದೇಶಕರ ಕೈಕೆಳಗೆ, ತುಂಬಿದ ಸಭೆಯ ಮುಂದೆ ಅವು ಒಮ್ಮೆ ಮೊಳಗಿದ್ದವು. ಅವುಗಳಿಗೆ ಸಿಗದೆ ಹೋದದ್ದು ಎರಡನೆಯ ಪ್ರದರ್ಶನ, ಮೂರನೆಯದು, ಹತ್ತನೆಯದು. ಮೊದಲ ಪ್ರದರ್ಶನಕ್ಕೆ ಸುದ್ದಿಯ ಬಲವಿರುತ್ತದೆ. ಎರಡನೆಯದಕ್ಕೆ ಅಚ್ಚಾದ ಪ್ರತಿ ಬೇಕು, ಅದನ್ನು ಮಾರುವ ಪ್ರಕಾಶಕ ಬೇಕು, ವಿದ್ಯಾರ್ಥಿಗಳಿಗೆ ಕಲಿಸುವ ಗುರು ಬೇಕು. ಈ ಮೂರೂ ಕಡೆ ಬಾಗಿಲು ಮುಚ್ಚಿತ್ತು.

ಡೆಟ್ ಅವರ ಬಗ್ಗೆ ಇನ್ನಷ್ಟು ಹೇಳಲೇಬೇಕು. ಅವರು ಒಬರ್ಲಿನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅಲ್ಲಿಗೆ ಬಂದಿದ್ದ ನೈಸೆಲ್ ಕ್ವಾರ್ಟೆಟ್ ಎಂಬ ತಂಡ ಚೆಕ್ ಸಂಯೋಜಕ ಡ್ವೊರಾಕ್ ಅವರ ಕೃತಿಯೊಂದನ್ನು ನುಡಿಸಿತು. ಅದರ ವಿಳಂಬ ಭಾಗವನ್ನು ಕೇಳುತ್ತಿದ್ದಂತೆ, ಎಂದೋ ತೀರಿಹೋದ ಅಜ್ಜಿಯ ಕ್ಷೀಣವಾದ ಇಂಪು ದನಿ ತಮ್ಮನ್ನು ಕರೆದಂತಾಯಿತು ಎಂದು ಡೆಟ್ ಮುಂದೆ ಬರೆದುಕೊಂಡಿದ್ದಾರೆ. ಅಜ್ಜಿ ಹಾಡುತ್ತಿದ್ದದ್ದು ಸ್ಪಿರಿಚುಯಲ್‌ಗಳನ್ನು, ಅಂದರೆ ಗುಲಾಮಗಿರಿಯ ಕಾಲದಲ್ಲಿ ಕಪ್ಪು ಜನ ಕಟ್ಟಿ ಹಾಡಿದ ಭಕ್ತಿಗೀತೆಗಳನ್ನು. ಹುಡುಗನಾಗಿದ್ದಾಗ ಮನೆಯ ಮಾತಿನಷ್ಟೇ ಸಾಮಾನ್ಯವೆನಿಸಿದ್ದ ಆ ಹಾಡುಗಳಿಂದ ದೊಡ್ಡ ಸಂಗೀತವನ್ನು ಕಟ್ಟಬಹುದು ಎಂಬುದು ಅಂದು ಅವರಿಗೆ ಹೊಳೆಯಿತು.

1918ರಲ್ಲಿ ಅವರು ಆಡಿದ ಮಾತೊಂದು ಅವರ ಜೀವನದ ಕೆಲಸವನ್ನೆಲ್ಲ ವಿವರಿಸುತ್ತದೆ. ನಮ್ಮಲ್ಲಿ ಜನಪದ ಸಂಗೀತದ ಅದ್ಭುತ ಭಂಡಾರವಿದೆ, ಆದರೆ ಅದನ್ನು ಬಳಸಿಕೊಳ್ಳದಿದ್ದರೆ ಪ್ರಯೋಜನವಿಲ್ಲ, ಅದು ವೃಂದಗಾನವಾಗಬೇಕು, ಆಪೆರಾ ಆಗಬೇಕು, ಕನ್ಚರ್ಟೊ ಆಗಬೇಕು, ನಮ್ಮ ಸಂಗೀತದ ಶಿಲ್ಪಿಗಳು ಈ ಒರಟು ಮರವನ್ನು ಕೆತ್ತಿ ರೂಪ ಕೊಡಬೇಕು ಎಂಬುದು ಅದರ ಸಾರ. ಅದನ್ನು ಅವರು ಹೇಳಿ ಸುಮ್ಮನಾಗಲಿಲ್ಲ. ವರ್ಜೀನಿಯದ ಹ್ಯಾಂಪ್ಟನ್ ಸಂಸ್ಥೆಯಲ್ಲಿ 1913ರಿಂದ ಸುಮಾರು ಎರಡು ದಶಕ ಪಾಠ ಹೇಳಿದರು, ಅಲ್ಲಿನ ಗಾಯನವೃಂದವನ್ನು ಕಟ್ಟಿ 1930ರಲ್ಲಿ ಯುರೋಪ್ ಪ್ರವಾಸಕ್ಕೆ ಕರೆದೊಯ್ದರು. 1929ರಲ್ಲಿ, ಹೆಸರು ಮಾಡಿದ ಮೇಲೂ, ಫ್ರಾನ್ಸಿನಲ್ಲಿ ಹೆಸರಾಂತ ಸಂಗೀತ ಗುರು ನಾದಿಯಾ ಬುಲಾಂಜೆ ಅವರ ಬಳಿ ವಿದ್ಯಾರ್ಥಿಯಾಗಿ ಕುಳಿತರು. ಐವತ್ತರ ವಯಸ್ಸಿಗೆ ಈಸ್ಟ್‌ಮನ್ ಸಂಗೀತ ಶಾಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಪದವಿಗಾಗಿ ಬರೆದ ಕೃತಿಯೇ ಮೋಶೆಯ ಒರಟೋರಿಯೊ.

(ಇಲ್ಲಿ ಆ ಕೃತಿಯ ಎರಡು ಭಾಗಗಳನ್ನು ಕೇಳಿಸಿದೆ.) ‘ಗೋ ಡೌನ್, ಮೋಸೆಸ್’ ಎಂಬ ಸ್ಪಿರಿಚುಯಲ್ ನಿಮ್ಮಲ್ಲಿ ಅನೇಕರಿಗೆ ಗೊತ್ತು. ನನ್ನ ಜನರನ್ನು ಹೋಗಗೊಡು ಎಂದು ಫರೋಹನಿಗೆ ಹೇಳು ಎಂಬ ಹಾಡು. ಇದನ್ನು ಡೆಟ್ ಏನು ಮಾಡಿದ್ದಾರೆ ಗಮನಿಸಿ. ಪದ್ಯದ ನಂತರ ಪದ್ಯವಾಗಿ ಹಾಡಿಸುವುದಿಲ್ಲ. ಆ ಧಾಟಿಯನ್ನೇ ವಸ್ತುವಾಗಿ ಹಿಡಿದು ಫ್ಯೂಗ್ ಕಟ್ಟಿದ್ದಾರೆ. ಒಂದು ಕಂಠವರ್ಗ ಧಾಟಿಯನ್ನು ಎತ್ತಿಕೊಳ್ಳುತ್ತದೆ, ಅದು ಮುಂದುವರಿಯುತ್ತಿರುವಾಗಲೇ ಇನ್ನೊಂದು ಬೇರೆ ಸ್ಥಾಯಿಯಲ್ಲಿ ಅದನ್ನೇ ಎತ್ತುತ್ತದೆ, ಆಮೇಲೆ ಮೂರನೆಯದು, ನಾಲ್ಕನೆಯದು. ಬಾಖ್ ಮತ್ತು ಹ್ಯಾಂಡೆಲ್ ಅವರಿಂದ ಬಂದ ಕಟ್ಟುನಿಟ್ಟಿನ ವಿಧಾನ ಇದು. ಹತ್ತಿ ಹೊಲದ ಆಳುಗಳು ಹಾಡಿದ ಧಾಟಿ ಆ ವಿಧಾನದ ಭಾರವನ್ನು ಸಲೀಸಾಗಿ ಹೊರುತ್ತದೆ. ಅಪ್ಪಣೆ ಒಂದೇ ಗಂಟಲಿನಿಂದ ಬಂದಾಗ ಅದು ಮೋಶೆಯ ಮಾತು. ನಾಲ್ಕು ದಿಕ್ಕಿನಿಂದ ಒಂದರ ಮೇಲೊಂದು ಬಂದಾಗ ಅದು ಇಡೀ ಜನಾಂಗದ ಮಾತು. ಫರೋಹ ಯಾವ ಕಡೆ ತಿರುಗಿದರೂ ಅದೇ ಅಪ್ಪಣೆ ಎದುರಾಗುತ್ತದೆ. ರೂಪ ಮತ್ತು ಅರ್ಥ ಇಷ್ಟು ಒಂದಾಗುವುದು ಅಪರೂಪ. ನಾನು ಈ ಭಾಗವನ್ನು ಇಪ್ಪತ್ತನೆಯ ಶತಮಾನದ ಅತ್ಯುತ್ತಮ ವೃಂದಗಾನ ರಚನೆಗಳ ಸಾಲಿನಲ್ಲಿ ಇಡುತ್ತೇನೆ, ಯಾವ ರಿಯಾಯಿತಿಯೂ ಇಲ್ಲದೆ.

ರಿಯಾಯಿತಿ ಎಂಬ ಮಾತು ಬಂದದ್ದರಿಂದ, ನನಗೆ ಬಹಳ ಬೇಸರ ತರುವ ಒಂದು ಪದ್ಧತಿಯ ಬಗ್ಗೆ ಹೇಳಿಬಿಡುತ್ತೇನೆ. ಜಗತ್ತಿನ ಯಾವುದೇ ಗಾಯನವೃಂದದ ಕಾರ್ಯಕ್ರಮ ಪಟ್ಟಿಯನ್ನು ತೆಗೆದು ನೋಡಿ. ಮೊದಲು ಪ್ಯಾಲೆಸ್ಟ್ರೀನ, ಆಮೇಲೆ ಬ್ರಾಮ್ಸ್, ಮಧ್ಯಂತರದ ನಂತರ ಬೆಂಜಮಿನ್ ಬ್ರಿಟನ್, ಎಲ್ಲರೂ ಯುರೋಪಿನ ಸಂಯೋಜಕರು. ಕೊನೆಯಲ್ಲಿ, ಎಲ್ಲರೂ ಚಪ್ಪಾಳೆ ತಟ್ಟಿ ಉಲ್ಲಾಸದಿಂದ ಮನೆಗೆ ಹೋಗಲೆಂದು, ಒಂದು ಸ್ಪಿರಿಚುಯಲ್. ಸ್ಪಿರಿಚುಯಲ್‌ಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಫಿಸ್ಕ್ ಜುಬಿಲಿ ಗಾಯಕರು 1871ರಲ್ಲಿ ತಮ್ಮ ಬಡ ಶಾಲೆಯನ್ನು ಉಳಿಸಿಕೊಳ್ಳಲು ಅವುಗಳನ್ನು ಹೊತ್ತು ಊರೂರು ಸುತ್ತಿದರು. ಹ್ಯಾರಿ ಬರ್ಲಿ, ಹಾಲ್ ಜಾನ್ಸನ್, ವಿಲಿಯಂ ಡಾಸನ್ ಅವುಗಳಿಗೆ ಕೊಟ್ಟ ವಿನ್ಯಾಸಗಳು ಶ್ರೇಷ್ಠ ಕಲೆ. ಆದರೆ ಕಪ್ಪು ಸಂಯೋಜಕರೆಂದರೆ ಕೊನೆಯ ಐದು ನಿಮಿಷದ ಉತ್ಸಾಹದ ಹಾಡು ಎಂದು ಕೇಳುಗರ ತಲೆಯಲ್ಲಿ ಕುಳಿತುಬಿಟ್ಟರೆ, ಅವರು ಬರೆದ ಮೋಟೆಟ್ (ಚರ್ಚಿಗಾಗಿ ಬರೆದ ಚಿಕ್ಕ ವೃಂದಗಾನ), ಕಾಂಟಾಟಾ (ವಾದ್ಯಗಳೊಂದಿಗೆ ಹಾಡುವ ಹಲವು ಭಾಗಗಳ ಕೃತಿ), ರಿಕ್ವಿಯಂ (ತೀರಿಹೋದವರಿಗಾಗಿ ಹಾಡುವ ಪ್ರಾರ್ಥನೆ), ಒರಟೋರಿಯೊಗಳಿಗೆ ಜಾಗವೇ ಇರುವುದಿಲ್ಲ. ಈ ಪೂರ್ವಗ್ರಹವನ್ನು ಮುರಿಯಲೆಂದೇ ಅಮೆರಿಕದ ನಿರ್ದೇಶಕ ಮಾರ್ಕ್ವೆಸ್ ಗ್ಯಾರೆಟ್ ಸ್ಪಿರಿಚುಯಲ್ ಮತ್ತು ಗಾಸ್ಪೆಲ್‌ಗಳಾಚೆಗಿನ ಕೃತಿಗಳನ್ನು ಪಟ್ಟಿ ಮಾಡುತ್ತ ಬಂದರು. ಅವರ ಸಂಪಾದಕತ್ವದಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2023ರಲ್ಲಿ ಕಪ್ಪು ಸಂಯೋಜಕರ ವೃಂದಗಾನಗಳ ಸಂಕಲನವನ್ನು ಪ್ರಕಟಿಸಿತು. ಹದಿನಾರನೆಯ ಶತಮಾನದಿಂದ ಇಂದಿನವರೆಗಿನವರು ಅದರಲ್ಲಿದ್ದಾರೆ.

ಹದಿನಾರನೆಯ ಶತಮಾನವೇ ಎಂದು ಕೆಲವರು ಹುಬ್ಬೇರಿಸಿದ್ದು ಕಂಡಿತು. ಹೌದು. ಪೋರ್ಚುಗಲ್‌ನ ವಿಸೆಂಟೆ ಲುಸಿಟಾನೊ 1551ರಲ್ಲಿ ರೋಮ್‌ನಲ್ಲಿ ತಮ್ಮ ಮೋಟೆಟ್‌ಗಳ ಸಂಗ್ರಹವನ್ನು ಅಚ್ಚು ಹಾಕಿಸಿದರು. ಹದಿನೇಳನೆಯ ಶತಮಾನದ ಹಸ್ತಪ್ರತಿಯೊಂದು ಅವರನ್ನು ‘ಪಾರ್ದೊ’ ಎಂದು ಗುರುತಿಸುತ್ತದೆ, ಅಂದರೆ ಮಿಶ್ರ ಆಫ್ರಿಕನ್ ಮೂಲದವರು. ಅದೇ ವರ್ಷ ನಿಕೋಲಾ ವಿಸೆಂಟಿನೊ ಎಂಬ ಇಟಾಲಿಯನ್ ವಿದ್ವಾಂಸನೊಡನೆ ಸಂಗೀತಶಾಸ್ತ್ರದ ವಾದ ನಡೆಯಿತು, ಪೋಪರ ಗಾಯಕರು ತೀರ್ಪುಗಾರರಾಗಿದ್ದರು, ಲುಸಿಟಾನೊ ಗೆದ್ದರು. ಸೋತವನು 1555ರ ತನ್ನ ಗ್ರಂಥದಲ್ಲಿ ಆ ವಾದದ ಕಥೆಯನ್ನು ತನಗೆ ಬೇಕಾದಂತೆ ಬರೆದ. ಮುಂದಿನ ವಿದ್ವಾಂಸರು ಬಹುಕಾಲ ಓದಿಕೊಂಡದ್ದು ಸೋತವನ ಬರಹವನ್ನು. ಗೆದ್ದವನ ಸಂಗೀತ ಕಪಾಟಿನಲ್ಲಿ ಉಳಿಯಿತು. ಲುಸಿಟಾನೊ ಅವರ ಮೋಟೆಟ್‌ಗಳಿಗೇ ಮೀಸಲಾದ ಧ್ವನಿಮುದ್ರಣವನ್ನು ಇಂಗ್ಲೆಂಡಿನ ಮೇರಿಯನ್ ಕನ್ಸರ್ಟ್ ಎಂಬ ಗಾಯನತಂಡ ಹೊರತಂದದ್ದು 2022ರಲ್ಲಿ.

ಬ್ರೆಜಿಲ್‌ನ ಪಾದ್ರಿ ಜೊಸೆ ಮೌರಿಸಿಯೊ ನೂನಿಸ್ ಗಾರ್ಸಿಯ (1767–1830) ಅವರದ್ದು ಇನ್ನೊಂದು ಕಥೆ. ಗುಲಾಮರ ಮೊಮ್ಮಗ. ರಿಯೊ ಡಿ ಜನೈರೊ ಪ್ರಧಾನ ಚರ್ಚಿನ ಸಂಗೀತಾಧಿಕಾರಿ, 1808ರಲ್ಲಿ ಪೋರ್ಚುಗಲ್‌ನ ರಾಜಮನೆತನ ಅಲ್ಲಿಗೆ ಬಂದಿಳಿದಾಗ ರಾಜಪ್ರಾರ್ಥನಾಲಯದ ಸಂಗೀತಾಧಿಕಾರಿ. 1816ರ ಮಾರ್ಚ್ 20ರಂದು ರಾಣಿ ಮರಿಯ ತೀರಿಕೊಂಡರು. ಅದೇ ದಿನ ಗಾರ್ಸಿಯ ಅವರ ತಾಯಿಯೂ ತೀರಿಕೊಂಡರು. ರಾಣಿಗಾಗಿ ಬರೆದ ಅವರ ರಿಕ್ವಿಯಂ ಅನ್ನು ಕೇಳುವಾಗ ಆ ಶೋಕ ಯಾರಿಗಾಗಿ ಎಂದು ಯೋಚಿಸದೆ ಇರಲು ನನ್ನಿಂದ ಆಗುವುದಿಲ್ಲ. 1970ರ ದಶಕದಲ್ಲಿ ನಿರ್ದೇಶಕ ಪಾಲ್ ಫ್ರೀಮನ್ ಕೊಲಂಬಿಯ ಕಂಪನಿಗಾಗಿ ಕಪ್ಪು ಸಂಯೋಜಕರ ಧ್ವನಿಮುದ್ರಿಕೆಗಳ ಮಾಲೆಯೊಂದನ್ನು ಮಾಡಿದರು. ಈ ರಿಕ್ವಿಯಂ ಅದರಲ್ಲಿತ್ತು, ಹಾಡಿದವರು ಮಾರ್ಗನ್ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು. ಆ ತಟ್ಟೆಗಳು ಬಹುಬೇಗ ಅಂಗಡಿಗಳಿಂದ ಮಾಯವಾದವು. ಪುನರುಜ್ಜೀವನ ಎಂಬುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ, ಪುನರುಜ್ಜೀವನಗೊಂಡದ್ದೂ ಮತ್ತೆ ಮರೆತುಹೋಗುತ್ತದೆ ಎಂಬುದಕ್ಕೆ ಈ ಮಾಲೆ ಸಾಕ್ಷಿ.

ಇನ್ನು ಲಂಡನ್ನಿನ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್. ತಂದೆ ಸಿಯೆರಾ ಲಿಯೋನ್‌ನ ವೈದ್ಯರು, ತಾಯಿ ಇಂಗ್ಲಿಷ್ ಮಹಿಳೆ. ಬೆಳೆದದ್ದು ಕ್ರಾಯ್ಡನ್‌ನಲ್ಲಿ. 1898ರ ನವೆಂಬರ್‌ನಲ್ಲಿ, ಇಪ್ಪತ್ಮೂರರ ವಯಸ್ಸಿನಲ್ಲಿ, ಅವರ ‘ಹಯವಾಥಾಸ್ ವೆಡಿಂಗ್ ಫೀಸ್ಟ್’ ಕಾಂಟಾಟಾ ಪ್ರದರ್ಶನವಾದಾಗ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನ ಸಭಾಂಗಣ ಕಿಕ್ಕಿರಿದಿತ್ತು. ಇವರಿಗೆ ಎರಡನೆಯ ಪ್ರದರ್ಶನದ ಕೊರತೆಯಿರಲಿಲ್ಲ. ಇಂಗ್ಲೆಂಡಿನ ಊರೂರಿನ ಗಾಯನ ಸಂಘಗಳು ಅದನ್ನು ಹಾಡಿದವು, ಅಚ್ಚಾದ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೆ ಅವರು ಅದರ ಹಕ್ಕನ್ನು ನವೆಲ್ಲೊ ಪ್ರಕಾಶನಕ್ಕೆ 15 ಗಿನಿಗಳ ಅಲ್ಪ ಮೊತ್ತಕ್ಕೆ ಪೂರ್ತಿಯಾಗಿ ಮಾರಿಬಿಟ್ಟಿದ್ದರು. 1912ರಲ್ಲಿ, 37ನೆಯ ವಯಸ್ಸಿನಲ್ಲಿ ನ್ಯುಮೋನಿಯದಿಂದ ಸತ್ತಾಗ ಹೆಂಡತಿ ಮಕ್ಕಳಿಗೆ ಆ ಜನಪ್ರಿಯತೆಯಿಂದ ಬರುವ ಹಣ ಏನೂ ಇರಲಿಲ್ಲ. 1914ರಲ್ಲಿ ಬ್ರಿಟನ್ನಿನಲ್ಲಿ ಪ್ರದರ್ಶನ ಹಕ್ಕುಗಳ ಸಂಸ್ಥೆ ಹುಟ್ಟುವುದಕ್ಕೆ ಈ ಅನ್ಯಾಯ ಎಬ್ಬಿಸಿದ ಅಸಮಾಧಾನವೂ ಒಂದು ಕಾರಣ. 1924ರಿಂದ 1939ರವರೆಗೆ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನೂರಾರು ಇಂಗ್ಲಿಷರು ರೆಕ್ಕೆಪುಕ್ಕಗಳ ವೇಷ ತೊಟ್ಟು ಇದನ್ನು ವೈಭವದಿಂದ ಆಡಿದರು. ಅಮೆರಿಕದ ಮೂಲನಿವಾಸಿಗಳನ್ನು ಹಾಗೆ ತೋರಿಸುವುದನ್ನು ಇಂದು ಒಪ್ಪಲಾಗದು, ಈ ಕಾಂಟಾಟಾಕ್ಕೆ ಆಧಾರವಾದ, ಮೂಲನಿವಾಸಿ ವೀರ ಹಯವಾಥಾನನ್ನು ಕುರಿತ ಅಮೆರಿಕದ ಕವಿ ಲಾಂಗ್‌ಫೆಲೊ ಅವರ ಪದ್ಯಕ್ಕೂ ಆ ತೊಡಕಿದೆ. ಹಾಗಾದರೆ ಕೋಲ್‌ರಿಜ್-ಟೇಲರ್ ಅವರನ್ನು ಕೈಬಿಡಬೇಕೆ? ಖಂಡಿತ ಬೇಡ. ಎಂಟು ಕಂಠಗಳಿಗೆ, ವಾದ್ಯದ ನೆರವಿಲ್ಲದೆ ಹಾಡಲು ಬರೆದ ಅವರ ‘ಸೀ ಡ್ರಿಫ್ಟ್’ ಇದೆ. ಒಂದೇ ಕೃತಿಯ ಖ್ಯಾತಿ ಉಳಿದವನ್ನು ನುಂಗಿಹಾಕುವುದೂ ಒಂದು ಬಗೆಯ ಮರೆವು.

ಹಣದ ಮಾತು ಬಂದಾಗ ಕರ್ನಾಟಕದವರಾದ ನಾವು ನೆನೆಯಬೇಕಾದ ಒಬ್ಬರಿದ್ದಾರೆ. ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತವನ್ನು ಆಳವಾಗಿ ಬಲ್ಲವರು. ಲಂಡನ್ನಿನಲ್ಲಿ ಅನಾದರಕ್ಕೆ ಒಳಗಾಗಿ, ಕಾಯಿಲೆಯಲ್ಲಿ ದಿನ ದೂಡುತ್ತಿದ್ದ ರಷ್ಯನ್ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಮುದ್ರಿಸಿಕೊಳ್ಳಲು 1940ರ ದಶಕದ ಕೊನೆಯಲ್ಲಿ ಹಣ ಒದಗಿಸಿದವರು ಒಡೆಯರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದರು. ಇಂದು ಮೆಟ್ನರ್ ಅವರ ಬೆರಳುಗಳ ಸಂಗೀತ ನಮಗೆ ಕೇಳಿಸುತ್ತಿದ್ದರೆ ಅದಕ್ಕೆ ಮೈಸೂರಿನ ಖಜಾನೆ ಕಾರಣ. ಒಬ್ಬ ಪೋಷಕ ಮನಸ್ಸು ಮಾಡಿದರೆ ಎಷ್ಟಾಗುತ್ತದೆ ಎಂಬುದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದು. ಡೆಟ್ ಅವರಿಗೆ ಅಂಥ ಪೋಷಕರು ಸಿಗಲಿಲ್ಲ. ಈಗ ನಾನು ಮಾತಾಡಲಿರುವ ಮಹಿಳೆಗೂ ಸಿಗಲಿಲ್ಲ.

ಮಾರ್ಗರೆಟ್ ಬಾಂಡ್ಸ್ 1913ರಲ್ಲಿ ಶಿಕಾಗೊದಲ್ಲಿ ಹುಟ್ಟಿದರು. ತಾಯಿ ಸಂಗೀತಗಾರ್ತಿ, ಮನೆ ಕಪ್ಪು ಕಲಾವಿದರ ತಂಗುದಾಣ. ಗುರು ಫ್ಲಾರೆನ್ಸ್ ಪ್ರೈಸ್ ಕಷ್ಟದ ದಿನಗಳಲ್ಲಿ ಇವರ ಮನೆಯಲ್ಲೇ ಇದ್ದರು. ಪ್ರೈಸ್ ಹೆಸರನ್ನು ನೀವು ಕೇಳಿರಬಹುದು. 1933ರಲ್ಲಿ ಶಿಕಾಗೊ ಸಿಂಫನಿ ಆರ್ಕೆಸ್ಟ್ರಾ ಪ್ರೈಸ್ ಅವರ ಸಿಂಫನಿಯನ್ನು ನುಡಿಸಿತು. ಹತ್ತು ವರ್ಷ ಕಳೆದು ಬಾಸ್ಟನ್ನಿನ ಹೆಸರಾಂತ ನಿರ್ದೇಶಕರೊಬ್ಬರಿಗೆ ಬರೆದ ಪತ್ರದಲ್ಲಿ, ನನಗೆ ಎರಡು ಅಡಚಣೆಗಳಿವೆ, ಒಂದು ನಾನು ಹೆಣ್ಣು, ಇನ್ನೊಂದು ನನ್ನ ಜನಾಂಗ ಎಂದು ಅವರು ಮೊದಲ ಸಾಲಿನಲ್ಲೇ ಹೇಳಬೇಕಾಯಿತು. 2009ರಲ್ಲಿ ಇಲಿನಾಯ್‌ನ ಸೇಂಟ್ ಆ್ಯನ್ ಎಂಬ ಊರಿನ ಪಾಳುಮನೆಯೊಂದನ್ನು ರಿಪೇರಿ ಮಾಡಿಸಲು ಹೊರಟವರಿಗೆ ಕಟ್ಟುಕಟ್ಟು ಸ್ವರಲಿಪಿ ಸಿಕ್ಕಿತು. ಅದು ಪ್ರೈಸ್ ಅವರ ಬೇಸಿಗೆಯ ಮನೆ. ಸೂರು ಸೋರುತ್ತಿದ್ದ ಮನೆಯಲ್ಲಿ ಹಸ್ತಪ್ರತಿಗಳಿದ್ದ ಮೂಲೆ ಹೇಗೋ ಒಣಗಿತ್ತು. ಲಿಂಕನ್ ಕುರಿತ ಕವಿತೆಗೆ ಅವರು ಬರೆದ ಕಾಂಟಾಟಾ ಕೂಡ ಆ ರಾಶಿಯಲ್ಲಿತ್ತು.

ಶಿಷ್ಯೆಯ ಹಸ್ತಪ್ರತಿಗಳ ಗತಿ ಇನ್ನೂ ಕೆಟ್ಟದ್ದು. ಬಾಂಡ್ಸ್ ಅವರ ಕಾಗದಗಳ ಪೆಟ್ಟಿಗೆಗಳು ಪುಸ್ತಕ ಮೇಳವೊಂದರಲ್ಲಿ ಮಾರಾಟವಾಗದೆ ಕೊನೆಗೆ ಕಸದ ತೊಟ್ಟಿಯ ಪಕ್ಕ ಬಿದ್ದಿದ್ದವು. ಯಾರೋ ಎತ್ತಿಕೊಂಡರು, ಮುಂದೆ ಅವು ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು.

ಅವರ ‘ಕ್ರೀಡೊ’ ಕೃತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ. ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1904ರಲ್ಲಿ ಒಂದು ಗದ್ಯಕಾವ್ಯ ಬರೆದರು. ಚರ್ಚುಗಳಲ್ಲಿ ಹೇಳುವ ವಿಶ್ವಾಸ ಪ್ರಮಾಣದ ಧಾಟಿಯಲ್ಲಿ, ‘ನಾನು ನಂಬುತ್ತೇನೆ’ ಎಂದು ಪ್ರತಿ ಖಂಡವೂ ಆರಂಭವಾಗುತ್ತದೆ. ಭೂಮಿಯ ಮೇಲಿನ ಎಲ್ಲ ಜನಾಂಗಗಳನ್ನು ಒಂದೇ ರಕ್ತದಿಂದ ಮಾಡಿದ ದೇವರನ್ನು ನಂಬುತ್ತೇನೆ ಎಂಬುದು ಮೊದಲ ಮಾತು. ಈ ಡುಬಾಯ್ಸ್ ನಮಗೆ ದೂರದವರಲ್ಲ. 1946ರಲ್ಲಿ ಅಂಬೇಡ್ಕರ್ ಇವರಿಗೆ ಪತ್ರ ಬರೆದು, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿ ಕೇಳಿದ್ದರು. ಭಾರತದ ಅಸ್ಪೃಶ್ಯರ ಸ್ಥಿತಿಗೂ ಅಲ್ಲಿನ ಕಪ್ಪು ಜನರ ಸ್ಥಿತಿಗೂ ಇರುವ ಸಾಮ್ಯವನ್ನು ಬಾಬಾಸಾಹೇಬರು ಆ ಪತ್ರದಲ್ಲೇ ಗುರುತಿಸಿದ್ದರು. ಡುಬಾಯ್ಸ್ ಆದರದಿಂದ ಉತ್ತರ ಬರೆದರು.

ಬಾಂಡ್ಸ್ 1960ರ ದಶಕದ ನಡುವಿನಲ್ಲಿ ಈ ಗದ್ಯಕ್ಕೆ ಗಾಯನವೃಂದ ಮತ್ತು ಪಿಯಾನೊಗಾಗಿ ಸಂಗೀತ ಬರೆದು, ಆಮೇಲೆ ಆರ್ಕೆಸ್ಟ್ರಾಕ್ಕೂ ವಿಸ್ತರಿಸಿದರು. ಏಳು ಭಾಗಗಳು. (ಎರಡನೆಯ ಮತ್ತು ಆರನೆಯ ಭಾಗಗಳನ್ನು ಕೇಳಿಸಿದೆ.) ಎರಡನೆಯದರಲ್ಲಿ ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಒಬ್ಬರೇ ಎದ್ದು ನಿಂತು, ವಿಶೇಷವಾಗಿ ನೀಗ್ರೊ ಜನಾಂಗವನ್ನು ನಂಬುತ್ತೇನೆ ಎಂದು ಹಾಡುತ್ತಾರೆ. ಅದರ ಪ್ರತಿಭೆಯ ಸೌಂದರ್ಯವನ್ನು, ಅದರ ಆತ್ಮದ ಮಾಧುರ್ಯವನ್ನು. ಜಂಬದ ಲವಲೇಶವೂ ಇಲ್ಲದ, ಲಾಲಿಗೆ ಹತ್ತಿರವಾದ ಮೃದುತ್ವ ಅಲ್ಲಿದೆ. ತಮ್ಮವರ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ದನಿ ಏರಿಸಬೇಕಾಗಿಲ್ಲ ಎಂದು ಈ ಸಂಯೋಜಕಿಗೆ ಗೊತ್ತಿತ್ತು.

ಆರನೆಯ ಭಾಗದ ಮಾತುಗಳನ್ನು ಗಮನವಿಟ್ಟು ಕೇಳಿ. ಎಲ್ಲ ಮನುಷ್ಯರ ಸ್ವಾತಂತ್ರ್ಯವನ್ನು ನಂಬುತ್ತೇನೆ ಎನ್ನುತ್ತಾರೆ ಡುಬಾಯ್ಸ್. ಕೈ ಚಾಚಲು, ಆತ್ಮ ಚಾಚಲು ಬೇಕಾದ ಜಾಗ. ಉಸಿರಾಡುವ ಹಕ್ಕು, ಮತ ಹಾಕುವ ಹಕ್ಕು. ಗೆಳೆಯರನ್ನು ಆರಿಸಿಕೊಳ್ಳುವ, ಬಿಸಿಲು ಕಾಯುವ, ಬಣ್ಣದ ಶಾಪವಿಲ್ಲದೆ ರೈಲಿನಲ್ಲಿ ಪ್ರಯಾಣಿಸುವ ಸ್ವಾತಂತ್ರ್ಯ. ಆತ್ಮದ ಮಾತಿನಿಂದ ರೈಲು ಟಿಕೆಟ್ಟಿನವರೆಗೆ ಒಂದೇ ಉಸಿರಿನಲ್ಲಿ ಇಳಿಯುತ್ತದೆ ಈ ವಾಕ್ಯ. ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯನ್ನು ರೈಲಿನಿಂದ ಕೆಳಗಿಳಿಸಿದ್ದನ್ನು ಶಾಲೆಯಲ್ಲಿ ಓದಿದ ನಮಗೆ ಆ ಸಾಲನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2020ರಲ್ಲಿ ಮಿನಿಯಾಪೊಲಿಸ್‌ನ ಬೀದಿಯಲ್ಲಿ ಪೊಲೀಸನ ಮಂಡಿಯ ಕೆಳಗೆ ಉಸಿರಾಡಲಾಗುತ್ತಿಲ್ಲ ಎನ್ನುತ್ತ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ, ಉಸಿರಾಡುವ ಹಕ್ಕು ಎಂಬ ಎರಡು ಪದಗಳನ್ನು ಹಾಡುವ ಯಾವ ಗಾಯಕನ ಗಂಟಲೂ ಮೊದಲಿನಂತಿರಲಾರದು. ಕೃತಿ ಬರೆದವರು ಅದನ್ನು ಊಹಿಸಿರಲಿಲ್ಲ. ಮರೆತ ಕೃತಿಯನ್ನು ಮತ್ತೆ ಹಾಡಿದಾಗ ಅದು ಹೊಸ ಕಾಲದೊಂದಿಗೆ ಮಾತಾಡುತ್ತದೆ ಎಂಬುದು ಇಂಥ ಕಡೆ ಅನುಭವಕ್ಕೆ ಬರುತ್ತದೆ.

ಬಾಂಡ್ಸ್ 1972ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಅದರ ಮುಂದಿನ ತಿಂಗಳು ಲಾಸ್ ಏಂಜಲೀಸ್ ಫಿಲ್‌ಹಾರ್ಮೋನಿಕ್ ‘ಕ್ರೀಡೊ’ದ ಭಾಗಗಳನ್ನು ನುಡಿಸಿತು. ನಿರ್ದೇಶಿಸಿದವರು ನಮ್ಮ ಮುಂಬಯಿಯ ಜುಬಿನ್ ಮೆಹ್ತಾ. ಆಮೇಲೆ ದಶಕಗಳ ಕಾಲ ಕೃತಿ ಅಚ್ಚಾಗದೆ ಉಳಿಯಿತು. ಸಂಗೀತಶಾಸ್ತ್ರಜ್ಞ ಜಾನ್ ಮೈಕೆಲ್ ಕೂಪರ್ ಹಸ್ತಪ್ರತಿಗಳನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಬೇರೆ ಬೇರೆ ಊರುಗಳ ಗಾಯನವೃಂದಗಳು ಇದನ್ನು ಹಾಡುವುದು ಸಾಧ್ಯವಾಯಿತು. ನ್ಯೂಯಾರ್ಕಿನ ಡೆಸಾಫ್ ಗಾಯನವೃಂದ ಮಾಲ್ಕಮ್ ಮೆರಿವೆದರ್ ಅವರ ನಿರ್ದೇಶನದಲ್ಲಿ ಬಾಂಡ್ಸ್ ಅವರ ದೊಡ್ಡ ಕೃತಿಗಳನ್ನು ಧ್ವನಿಮುದ್ರಿಸಿತು. ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದ ಪದ್ಯಗಳ ‘ದಿ ಬ್ಯಾಲಡ್ ಆಫ್ ದಿ ಬ್ರೌನ್ ಕಿಂಗ್’ 2019ರಲ್ಲಿ ಬಂತು. ಶಿಶುಯೇಸುವನ್ನು ನೋಡಲು ಬಂದ ಮೂವರು ಜ್ಞಾನಿಗಳಲ್ಲಿ ಕಪ್ಪು ಮೈಬಣ್ಣದ ಬಾಲ್ತಜಾರನ ಕಥೆ ಅದು. ಕ್ರಿಸ್ಮಸ್ ಕಾಲದಲ್ಲಿ ಹಾಡಲು ಅದಕ್ಕಿಂತ ಒಳ್ಳೆಯ ಹೊಸ ಆಯ್ಕೆ ನನಗೆ ಹೊಳೆಯುತ್ತಿಲ್ಲ.

ಸಂಪಾದನೆ ಎಂದೆ. ಅದರ ಶ್ರಮ ಎಂಥದ್ದು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಆರ್ಕೆಸ್ಟ್ರಾ ಇರುವ ಕೃತಿಗೆ ನಿರ್ದೇಶಕರ ಪೂರ್ಣ ಸ್ಕೋರ್ ಒಂದಿದ್ದರೆ ಸಾಲದು. ಪಿಟೀಲಿನವರಿಗೆ ಪಿಟೀಲಿನದ್ದು, ಕ್ಲಾರಿನೆಟ್‌ನವರಿಗೆ ಅವರದ್ದು ಎಂದು ಪ್ರತಿ ವಾದ್ಯಕ್ಕೂ ಬೇರೆ ಪ್ರತಿ ಬೇಕು. ಮೊದಲ ಪ್ರದರ್ಶನಕ್ಕೆಂದು ಕೈಯಲ್ಲಿ ಬರೆದ ಆ ಪ್ರತಿಗಳು ಕಳೆದುಹೋಗಿರುತ್ತವೆ, ಇಲ್ಲವೆ ಪೂರ್ಣ ಸ್ಕೋರಿಗೂ ಅವಕ್ಕೂ ತಾಳೆಯಾಗುವುದಿಲ್ಲ. ಒಂದು ಸ್ವರದ ಮುಂದೆ ಕೋಮಲ ಚಿಹ್ನೆ ಇಲ್ಲ. ಮರೆತದ್ದೋ, ಬೇಕೆಂದೇ ಬಿಟ್ಟದ್ದೋ? ಪೆನ್ಸಿಲ್ಲಿನ ತಿದ್ದುಪಡಿ ಸಂಯೋಜಕರದ್ದೋ, ಅಂದಿನ ನಿರ್ದೇಶಕರದ್ದೋ? ಹೆಸರಾಂತ ಯುರೋಪಿಯನ್ ಸಂಯೋಜಕರ ಕೃತಿಗಳಿಗೆ ಈ ಪ್ರಶ್ನೆಗಳನ್ನು ನೂರು ವರ್ಷಗಳಿಂದ ತಲೆಮಾರುಗಳ ವಿದ್ವಾಂಸರು ಬಿಡಿಸಿದ್ದಾರೆ. ಇಲ್ಲಿ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹಾಗಾಗಿ ಯಾವುದಾದರೂ ಕೃತಿ ತಡವರಿಸುತ್ತ ಕೇಳಿಸಿದರೆ ಅದು ಸಂಯೋಜಕರ ದೌರ್ಬಲ್ಯ ಎಂದು ತಕ್ಷಣ ತೀರ್ಮಾನಿಸಬೇಡಿ. ಬೀಥೊವನ್‌ನನ್ನು ನಾವು ಒಂದೇ ತಾಲೀಮಿನ, ತಪ್ಪು ತುಂಬಿದ ಪ್ರತಿಗಳ ಪ್ರದರ್ಶನದಿಂದ ಅಳೆಯುವುದಿಲ್ಲ.

ಕೊನೆಗೆ ಒಂದು ಕಷ್ಟದ ಕೃತಿ. ಅಮೆರಿಕದ ಕಪ್ಪು ಸಂಯೋಜಕ ವಿಲಿಯಂ ಗ್ರ್ಯಾಂಟ್ ಸ್ಟಿಲ್ ಅವರ ‘ಆ್ಯಂಡ್ ದೇ ಲಿಂಚ್ಡ್ ಹಿಮ್ ಆನ್ ಎ ಟ್ರೀ’. ಪದ್ಯ ಕ್ಯಾಥರೀನ್ ಗ್ಯಾರಿಸನ್ ಚೇಪಿನ್ ಅವರದು. 1940ರ ಜೂನ್ 25ರಂದು ನ್ಯೂಯಾರ್ಕಿನ ಬಯಲು ಕ್ರೀಡಾಂಗಣದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಇದನ್ನು ಮೊದಲು ನುಡಿಸಿತು. ಕಪ್ಪು ಯುವಕನೊಬ್ಬನನ್ನು ಗುಂಪು ಮರಕ್ಕೆ ನೇತುಹಾಕಿ ಕೊಂದಾಗಿದೆ. ಎರಡು ಗಾಯನವೃಂದಗಳು. ಮೊದಲು ಬಿಳಿಯರ ವೃಂದ ಆ ಕೊಂದ ಗುಂಪಾಗಿ ಹಾಡುತ್ತದೆ, ಕೆಲಸ ಮುಗಿಸಿ ಮನೆಗೆ ಚದುರುವ ಜನ. ಕತ್ತಲಲ್ಲಿ ಅಡಗಿದ್ದ ಕಪ್ಪು ಜನರ ವೃಂದ ಆಮೇಲೆ ಮೆಲ್ಲಗೆ ಹೊರಬರುತ್ತದೆ. ತಾಯಿ ಮಗನ ಹೆಣವನ್ನು ಹುಡುಕಿ ಅಳುತ್ತಾಳೆ. ಕೊನೆಯಲ್ಲಿ ಮಾತ್ರ ಎರಡೂ ವೃಂದಗಳು ಸೇರುತ್ತವೆ. ಇದನ್ನು ಹಾಡುವ ಬಿಳಿಯ ಗಾಯಕರು ಸಂತಾಪ ಸೂಚಿಸುವವರ ಸುರಕ್ಷಿತ ಜಾಗದಲ್ಲಿ ನಿಲ್ಲಲಾಗದು, ಕೊಂದವರ ಬಾಯಾಗಿ ಹಾಡಬೇಕು. ಸ್ಟಿಲ್ ಅವರ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ವಾರ್ಷಿಕ ಆಚರಣೆಯೊಂದಕ್ಕೆ ಚೆಂದದ ಅಲಂಕಾರವಾಗಿ ಇದನ್ನು ಬಳಸಲು ಬರುವುದಿಲ್ಲ. ಅಮೆರಿಕದಲ್ಲಿ ಫೆಬ್ರವರಿಯನ್ನು ಕಪ್ಪು ಜನರ ಇತಿಹಾಸದ ತಿಂಗಳೆಂದು ಆಚರಿಸುತ್ತಾರೆ. ಈ ಸಂಯೋಜಕರನ್ನು ಆ ಒಂದು ತಿಂಗಳಲ್ಲಿ ಹಾಡಿ ಮಾರ್ಚ್‌ನಲ್ಲಿ ಕಪಾಟಿಗೆ ಹಿಂದಿರುಗಿಸಿದರೆ, 1937ರ ಪ್ರಸಾರವನ್ನು ನಿಲ್ಲಿಸಿದ ಕೈಯೇ ಇನ್ನೂ ಗುಂಡಿಯ ಮೇಲಿದೆ ಎಂದು ನನಗನಿಸುತ್ತದೆ.

ಉಪನ್ಯಾಸದ ನಂತರ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ನಾವು ಕಪ್ಪು ಜನರಲ್ಲ, ಅವರ ನೋವಿನ ಹಾಡುಗಳನ್ನು ಭಾರತೀಯರು ಹಾಡುವುದು ಸರಿಯೇ ಎಂದು ಒಬ್ಬ ತರುಣಿ ಕೇಳಿದರು. ಗೌರವದಿಂದ ಕೇಳಬೇಕಾದ ಪ್ರಶ್ನೆ. ಡೆಟ್ ತಮ್ಮ ಕೃತಿಗಳನ್ನು ಅಚ್ಚು ಹಾಕಿಸಿದ್ದು ಎಲ್ಲರೂ ಹಾಡಲೆಂದು, ಸಿನ್ಸಿನಾಟಿಯಲ್ಲಿ ಅವರ ಕೃತಿಯನ್ನು ಹಾಡಿದ್ದೂ ಬಿಳಿಯರ ಉತ್ಸವದ ವೃಂದವೇ. ಪದಗಳ ಹಿನ್ನೆಲೆಯನ್ನು ಓದಿಕೊಂಡು, ಉಚ್ಚಾರದಲ್ಲಿ ಅಣಕವಾಡದೆ, ಬರೆದಂತೆ ಹಾಡುವುದು ನಮ್ಮ ಕರ್ತವ್ಯ. ಹಾಡದೆ ಬಿಡುವುದರಿಂದ ಅವರಿಗೆ ಯಾವ ಗೌರವವೂ ಸಲ್ಲುವುದಿಲ್ಲ.

ಇಪ್ಪತ್ತು ಜನರ ಚರ್ಚ್ ಕಾಯರ್ ನಮ್ಮದು, ಎಲ್ಲಿಂದ ಶುರು ಮಾಡಲಿ ಎಂದು ಇನ್ನೊಬ್ಬರು ಕೇಳಿದರು. ಡೆಟ್ ಅವರ ‘ಲಿಸನ್ ಟು ದಿ ಲ್ಯಾಂಬ್ಸ್’ ಎಂದು ಹೇಳಿದೆ. 1914ರ ರಚನೆ, ವಾದ್ಯ ಬೇಕಿಲ್ಲ. ಸ್ಪಿರಿಚುಯಲ್ ಧಾಟಿಯಿಂದ ಹೊರಟು ಎಂಟು ಭಾಗಗಳಲ್ಲಿ ಹರಡುತ್ತದೆ, ನಡುವೆ ‘ಆತನು ಕುರುಬನಂತೆ ತನ್ನ ಮಂದೆಯನ್ನು ಮೇಯಿಸುವನು’ ಎಂಬ ಯೆಶಾಯನ ವಚನವನ್ನು ಸೊಪ್ರಾನೊ ಒಬ್ಬರೇ ಹಾಡುತ್ತಾರೆ. ಇಪ್ಪತ್ತು ಜನರಿದ್ದರೆ ಒಂದೊಂದು ಭಾಗಕ್ಕೆ ಇಬ್ಬರು ಮೂವರು ಸಿಗುತ್ತಾರೆ, ಉಸಿರನ್ನು ಹಂಚಿಕೊಂಡರೆ ಸಾಕಾಗುತ್ತದೆ. ಡೆಟ್ ತೀರಿಕೊಂಡದ್ದು 1943ರಲ್ಲಿ. ನಮ್ಮ ಕಾನೂನಿನ ಪ್ರಕಾರ ಸಂಯೋಜಕರ ನಿಧನದ ನಂತರ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುವುದರಿಂದ 2004ರಿಂದ ಭಾರತದಲ್ಲಿ ಅದಕ್ಕೆ ಯಾರ ಅನುಮತಿಯೂ ಬೇಡ. ಎರಡನೆಯ ಸೊಪ್ರಾನೊ ಮತ್ತು ಎರಡನೆಯ ಆಲ್ಟೊ (ತಗ್ಗಿನ ಹೆಣ್ಣು ದನಿ) ಭಾಗಗಳನ್ನು ಮೊದಲು ಪ್ರತ್ಯೇಕವಾಗಿ ಕಲಿಸಿ, ಶ್ರುತಿ ಜಾರುವುದು ಅಲ್ಲೇ. ಮುಂದಿನ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ, ಅದರ ಮುಂದಿನ ಕಾರ್ಯಕ್ರಮದ ಪಟ್ಟಿಯಲ್ಲೂ ಅದನ್ನು ಈಗಲೇ ಬರೆದಿಡಿ ಎಂದೆ. ಅವರು ಚೀಟಿಯ ಮೇಲೆ ಎರಡು ತಾರೀಖು ಬರೆದುಕೊಂಡರು.